ಉಪವಾಸವೋ, ವ್ಯಾಧಿಯೋ?

ಆರು ಬಾಹ್ಯ ತಪಗಳಲ್ಲಿ ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ನಾಲ್ಕು ಆಹಾರಕ್ಕೆ ಸಂಬಂಧಿಸಿದವು. ಆದುದರಿಂದ ಶ್ರಾವಕರ ಮನೆಯಲ್ಲಿ ಒಬ್ಬರು ಊಟ ಬಿಟ್ಟರೆ ಯಾರಿಗೂ ಸಂದೇಹ ಬಾರದು. ಆ ಮರೆಯಲ್ಲಿಯೇ ಒಂದು ವ್ಯಾಧಿ ಬೆಳೆಯಬಹುದು. ಅದು ಅನೊರೆಕ್ಸಿಯಾ ನರ್ವೋಸಾ. 1873ರಲ್ಲಿ ಲಂಡನ್ನಿನ ಗಲ್ ಹಾಗೂ ಪ್ಯಾರಿಸ್ಸಿನ ಲಸೇಗ್ ಎಂಬ ವೈದ್ಯರು ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಗಂಡುಮಕ್ಕಳೂ ಹೊರತಲ್ಲ.

ಭೇದವನ್ನು ಅರಿಯುವ ಬಗೆ

ದಪ್ಪಗಾಗುವೆನೆಂಬ ಭಯ ಈ ರೋಗದ ಪ್ರಸಿದ್ಧ ಲಕ್ಷಣ. ನಮ್ಮ ದೇಶದಲ್ಲಿ ಕೆಲವರು ಅದನ್ನು ಹೇಳದೆ ಹೊಟ್ಟೆಯುಬ್ಬರವನ್ನೋ ವ್ರತವನ್ನೋ ಕಾರಣವಾಗಿ ಹೇಳುವುದುಂಟು. ವ್ರತಕ್ಕೆ ಸಂಕಲ್ಪ, ಅವಧಿ, ಪಾರಣೆಗಳಿವೆ. ಅಷ್ಟಮಿ-ಚತುರ್ದಶಿಯ ಪ್ರೋಷಧ ಮುಗಿದೊಡನೆ ವ್ರತಿಯು ಶಾಂತಚಿತ್ತದಿಂದ ಉಣ್ಣುವನು. ರೋಗಿಗಾದರೋ ಪಾರಣೆಯೇ ಭಯ. ಅದನ್ನು ತಪ್ಪಿಸಲು ಮತ್ತೊಂದು ವ್ರತ ಹುಟ್ಟುವುದು. ವ್ರತಿಯು ನಿಃಶಲ್ಯನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ಮತ, ಮಾಯೆಯು ಶಲ್ಯಗಳಲ್ಲೊಂದು. ಅನ್ನವನ್ನು ಬಚ್ಚಿಡುವುದು, ಉಂಡೆನೆಂದು ಸುಳ್ಳಾಡುವುದು ಕಂಡಲ್ಲಿ ಎಚ್ಚರಿರಬೇಕು. ಆದರೆ ಮಗುವನ್ನು ಜರೆಯಬಾರದು. ಅದು ರೋಗದ ಲಕ್ಷಣ.

ದೇಹದ ಚಿಹ್ನೆಗಳು

1. ತೂಕ ಇಳಿಯುತ್ತಿದ್ದರೂ ತಾನು ದಪ್ಪನೆಂಬ ಭಾವನೆ.
2. ಋತುಸ್ರಾವ ನಿಲ್ಲುವುದು, ಸದಾ ಚಳಿ, ಮೈಮೇಲೆ ನವುರಾದ ರೋಮ, ಕೂದಲುದುರುವಿಕೆ.
3. ನಿತ್ರಾಣದಲ್ಲಿಯೂ ಬಿಡದ ನಡಿಗೆ-ವ್ಯಾಯಾಮ.

ಮೂರ್ಛೆ, ಎದೆನೋವು, ನಿಮಿಷಕ್ಕೆ 50ಕ್ಕಿಂತ ಕಡಮೆ ನಾಡಿ, ಕುಕ್ಕರುಗಾಲಿನಿಂದ ಕೈಯೂರದೆ ಏಳಲಾಗದಿರುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಚಿಕಿತ್ಸೆ

ಬಹುದಿನ ಬರಿದಾದ ದೇಹಕ್ಕೆ ಒಮ್ಮೆಗೇ ತುಂಬ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ. ಬೋರನಕಣಿವೆಯ ತೂಬನ್ನು ಒಮ್ಮೆಗೇ ಪೂರ್ತಿ ಎತ್ತುವರೇ? ವೈದ್ಯರು ರಕ್ತಪರೀಕ್ಷೆ ಮಾಡುತ್ತ ಆಹಾರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವರು. ಇದನ್ನು ನೀಗಿಸುವ ಗುಳಿಗೆಯಿಲ್ಲ. ಎಳೆಯರಿಗೆ ತಂದೆತಾಯಿಯರೇ ಊಟದ ಹೊಣೆ ಹೊತ್ತು, ಪ್ರತಿ ಹೊತ್ತೂ ಜೊತೆಗೆ ಕುಳಿತು ಉಣಿಸುವ ಕುಟುಂಬಚಿಕಿತ್ಸೆ ಫಲಕಾರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸರಕಾರಿ ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಶ್ರಾವಕರ ಕರ್ತವ್ಯ

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗನುಸಾರ’ ಎಂಬ ಮೇರೆಯುಂಟು. ರೋಗಿಯ ವ್ರತವನ್ನು ಮುನಿಗಳ ಬಳಿ ಅರಿಕೆಮಾಡಿ, ಸ್ವಾಧ್ಯಾಯ, ಜಪ, ಮೌನಗಳಿಗೆ ತಿರುಗಿಸಬಹುದು. ಕೃತ, ಕಾರಿತ, ಅನುಮೋದಿತ ಮೂರರಿಂದಲೂ ಕರ್ಮಾಸ್ರವವೆಂಬುದನ್ನು ನಾವು ಬಲ್ಲೆವು. ಸೊರಗುತ್ತಿರುವ ಮಗಳನ್ನು ತಪಸ್ವಿನಿಯೆಂದು ಹೊಗಳುವ ಮುನ್ನ ಆಕೆಯ ನಾಡಿಯನ್ನು ಹಿಡಿದು ನೋಡೋಣ.