ಇಟಾಲಿಕ್ ಅಂದ್ರೆ ಬರೀ ವಾಲಿಸೋದಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್ ಎರಡು ಸಲ ವಾಪಸ್ ಬಂತು. ಮೊದಲ ಸಲ ಗೈಡ್ ಮೇಡಂ ಒಂದೇ ಸಾಲಿನ ಎರಡು 'ಎಮ್' ಅಕ್ಷರಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ರು. ಒಂದು ದ್ರವ್ಯರಾಶಿ, ಇನ್ನೊಂದು ಮೀಟರ್. "ಯಾವುದು ಯಾವುದಪ್ಪಾ? ಇಟಾಲಿಕ್ ಎಲ್ಲಿ?" ಅಂದ್ರು. ನಾನು ರೂಮಿಗೆ ಹೋಗಿ ಇಡೀ ಪುಟ ಸೆಲೆಕ್ಟ್ ಮಾಡಿ ಕಂಟ್ರೋಲ್-ಐ ಒತ್ತಿಬಿಟ್ಟೆ. ಎರಡು ಎಮ್‌ಗಳೂ ಒಟ್ಟಿಗೆ ವಾಲಿದವು, ಗೊಂದಲ ಮಾತ್ರ ಹಾಗೇ ಉಳೀತು. ರಿಪೋರ್ಟ್ ಎರಡನೇ ಸಲ ವಾಪಸ್ ಬಂದಿದ್ದು ಅದಕ್ಕೇ.

ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ಇಟಾಲಿಕ್‌ಗೆ ಐನೂರು ವರ್ಷದ ಕಥೆಯೂ ಇದೆ, ಒಂದು ಖಚಿತವಾದ ಕೆಲಸವೂ ಇದೆ.

ಹುಟ್ಟಿದ್ದು ವೆನಿಸ್‌ನಲ್ಲಿ

ಇಟಲಿಯ ವೆನಿಸ್‌ನಲ್ಲಿ ಆಲ್ಡಸ್ ಮನೂಟಿಯಸ್ ಅನ್ನೋ ಪ್ರಕಾಶಕ ಇದ್ದ. ಅವನಿಗೆ ಅಚ್ಚುಮೊಳೆ ಕೆತ್ತಿಕೊಡ್ತಿದ್ದವನು ಫ್ರಾನ್ಸೆಸ್ಕೊ ಗ್ರಿಫೊ. ಆಗ ಅಲ್ಲಿನ ವಿದ್ವಾಂಸರು ವೇಗವಾಗಿ ಬರೆಯುವಾಗ ಸ್ವಲ್ಪ ಬಾಗಿದ, ಒತ್ತೊತ್ತಾದ ಕೈಬರಹ ಬಳಸ್ತಿದ್ರು. ಗ್ರಿಫೊ ಅದೇ ಕೈಬರಹವನ್ನು ಲೋಹಕ್ಕೆ ಇಳಿಸಿದ. ಉಕ್ಕಿನ ಕಡ್ಡಿಯ ತುದಿಯಲ್ಲಿ ಒಂದೊಂದೇ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತೋದು, ಅದನ್ನ ತಾಮ್ರಕ್ಕೆ ಹೊಡೆದು ಅಚ್ಚು ಮಾಡೋದು, ಅದರೊಳಗೆ ಸೀಸದ ಮಿಶ್ರಲೋಹ ಎರಕ ಹೊಯ್ಯೋದು. ಒಂದು ಸಣ್ಣ ಕೊಕ್ಕೆಗೂ ಇಷ್ಟು ಕೆಲಸ!

1501ರಲ್ಲಿ ಆಲ್ಡಸ್ ವರ್ಜಿಲ್ ಕವಿಯ ಕೃತಿಗಳನ್ನು ಪೂರ್ತಿ ಈ ಅಕ್ಷರದಲ್ಲೇ ಅಚ್ಚು ಮಾಡಿದ. ಹಾಳೆಯನ್ನು ಮೂರು ಸಲ ಮಡಚಿ ಮಾಡಿದ, ಕೈಯಲ್ಲಿ ಹಿಡಿದು ಓಡಾಡಬಹುದಾದ ಪುಟ್ಟ ಪುಸ್ತಕ ಅದು. ಮಜಾ ಏನಂದ್ರೆ ಅದರಲ್ಲಿ ಕ್ಯಾಪಿಟಲ್ ಅಕ್ಷರಗಳು ವಾಲಿರಲೇ ಇಲ್ಲ, ನೆಟ್ಟಗೇ ನಿಂತಿದ್ವು. ಅಂದ್ರೆ ಇಟಾಲಿಕ್‌ಗೆ ವಾಲೋದೇ ಮುಖ್ಯ ಆಗಿರಲಿಲ್ಲ. ಒತ್ತಿ ಹೇಳೋಕೆ ನೇರ ಅಕ್ಷರಗಳ ನಡುವೆ ಒಂದೆರಡು ಪದ ಇಟಾಲಿಕ್ ಮಾಡೋ ಪದ್ಧತಿ ಬಂದಿದ್ದು ಆಮೇಲೆ.

ಅಕ್ಷರವೇ ಬೇರೆ

ನಮ್ಮ ರಿಪೋರ್ಟುಗಳ ಟೈಮ್ಸ್ ನ್ಯೂ ರೋಮನ್ ಅನ್ನೇ ತಗೊಳ್ಳಿ. ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ ಉಸ್ತುವಾರಿಯಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದ ಅಕ್ಷರ ಅದು. 1932ರಲ್ಲಿ ಪತ್ರಿಕೆಯಲ್ಲಿ ಬಂತು. ಅದರ ನೇರ ರೂಪ ಮತ್ತು ಇಟಾಲಿಕ್ ಎರಡನ್ನೂ ದೊಡ್ಡ ಸೈಜಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ನೇರ ರೂಪದ ಸಣ್ಣ 'ಎ'ಗೆ ತಲೆ ಮೇಲೊಂದು ಕೊಕ್ಕೆ ಇದೆ. ಇಟಾಲಿಕ್‌ನಲ್ಲಿ ಅದು ಕೈಬರಹದ ಹಾಗೆ ಒಂದೇ ಹೊಟ್ಟೆ. ಸಣ್ಣ 'ಎಫ್' ಸಾಲಿನ ಕೆಳಗೆ ಬಾಲ ಇಳಿಬಿಡುತ್ತೆ. ಸೆರಿಫ್, ಅಂದ್ರೆ ಗೆರೆಯ ತುದಿಯಲ್ಲಿರೋ ಪುಟ್ಟ ಪಾದ, ಬಹಳ ಕಡೆ ಪೆನ್ ಎತ್ತಿದ ಗುರುತಿನಂಥ ಬಾಗಿದ ಗೆರೆ ಆಗಿದೆ. ಇವನ್ನೆಲ್ಲ ಬೇರೆಯಾಗೇ ಬರೆದಿದ್ದಾರೆ.

ಬರೀ ವಾಲಿಸೋದಾದ್ರೆ ಅದು ನಾವು ಓದಿರೋ ಷಿಯರ್: ಹೊಸ ಎಕ್ಸ್ = ಎಕ್ಸ್ + ವೈ × ಟ್ಯಾನ್ ಥೀಟಾ. 15 ಡಿಗ್ರಿಗೆ ಟ್ಯಾನ್ ಸುಮಾರು 0.27. ಈ ಲೆಕ್ಕದಲ್ಲಿ ವೃತ್ತ ಮೊಟ್ಟೆಯಾಗುತ್ತೆ, ಬಲಕ್ಕೆ ಏರೋ ಗೆರೆ ತೆಳ್ಳಗಾಗುತ್ತೆ, ಎಡಕ್ಕೆ ಏರೋದು ದಪ್ಪಗಾಗುತ್ತೆ. ಒಳ್ಳೇ ಇಟಾಲಿಕ್‌ನಲ್ಲಿ ಇದನ್ನೆಲ್ಲ ಕಣ್ಣಳತೆಯಲ್ಲಿ ಸರಿಮಾಡಿರ್ತಾರೆ.

ನಮಗೆ ಬೇಕಾದ ನಿಯಮ

ಐಎಸ್‌ಒ 80000 ಮಾನದಂಡ ಹೇಳೋದು ಇಷ್ಟೇ: ಭೌತಿಕ ಪರಿಮಾಣಗಳ ಚಿಹ್ನೆ ಇಟಾಲಿಕ್, ಯೂನಿಟ್ ನೇರ. ದ್ರವ್ಯರಾಶಿಯ 'ಎಮ್' ಇಟಾಲಿಕ್, ಮೀಟರಿನ 'ಎಮ್' ನೇರ. ವೋಲ್ಟೇಜಿನ 'ವಿ' ಇಟಾಲಿಕ್, ವೋಲ್ಟಿನ 'ವಿ' ನೇರ. ವರ್ಕ್ ಮತ್ತು ವ್ಯಾಟ್‌ನ 'ಡಬ್ಲ್ಯು'ಗೂ ಹೀಗೇ. ಸೈನ್, ಕಾಸ್, ಲಾಗ್ ಕೂಡ ನೇರ. ಲೇಟೆಕ್‌ನಲ್ಲಿ ಸೈನ್‌ಗೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಮರೆತ್ರೆ ಮೂರು ಇಟಾಲಿಕ್ ಅಕ್ಷರ ಬರುತ್ತೆ. ಓದೋರಿಗೆ ಅದು ಎಸ್, ಐ, ಎನ್ ಮೂರರ ಗುಣಾಕಾರ! ಇಂಗ್ಲಿಷ್ ಬರಹದಲ್ಲಿ ಪುಸ್ತಕದ ಹೆಸರು, ಜೀವಿಗಳ ವೈಜ್ಞಾನಿಕ ಹೆಸರೂ ಇಟಾಲಿಕ್. ನಮ್ಮ ರಾಗಿಯ ಲ್ಯಾಟಿನ್ ಹೆಸರೂ ಅಷ್ಟೇ.

ಕನ್ನಡದಲ್ಲಿ?

ಇಲ್ಲಿ ನಾನು ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಕ್ಲಬ್‌ನ ಪೋಸ್ಟರ್‌ನಲ್ಲಿ ಕನ್ನಡ ಸಾಲನ್ನೂ ಇಟಾಲಿಕ್ ಮಾಡಿದವನು ನಾನೇ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ಅಂತ ಬೇರೆ ಬರೆದಿರೋದಿಲ್ಲ, ಹಾಗಾಗಿ ಕಂಪ್ಯೂಟರ್ ಷಿಯರ್ ಮಾಡಿ ಕೈತೊಳೆದುಕೊಳ್ಳುತ್ತೆ. ಸಾಲಿನ ಮೇಲಿರೋ ತಲೆಕಟ್ಟು ಬಲಕ್ಕೆ ಜಾರುತ್ತೆ, ವೈ ನೆಗೆಟಿವ್ ಆಗಿರೋ ಒತ್ತಕ್ಷರ ಎಡಕ್ಕೆ ಜಾರುತ್ತೆ. 'ವಸ್ತ್ರ' ಅಂತ ಬರೆದು ವಾಲಿಸಿ ನೋಡಿ, ಒತ್ತು ಯಾರದ್ದು ಅಂತ ಕಣ್ಣು ತಡವರಿಸುತ್ತೆ. ನಮ್ಮ ಮುದ್ರಕರು ಒತ್ತಿ ಹೇಳೋಕೆ ದಪ್ಪಕ್ಷರ ಅಥವಾ ಉದ್ಧರಣ ಚಿಹ್ನೆ ಬಳಸ್ಕೊಂಡೇ ಬಂದಿದ್ದಾರೆ. ನಮಗೂ ಅದೇ ಸಾಕು.

ಮೂರನೇ ಸಲ ನಾನು ರಿಪೋರ್ಟಿನ ಒಂದೊಂದೇ ಚಿಹ್ನೆ ನೋಡಿ ಸರಿಮಾಡಿದೆ. ಹಾಗೆ ಮಾಡುವಾಗ ಒಂದು ಕಡೆ ಯೂನಿಟ್ಟೇ ಹಾಕಿಲ್ಲದ್ದು, ಇನ್ನೊಂದು ಕಡೆ ತಪ್ಪು ಯೂನಿಟ್ ಹಾಕಿದ್ದು ಸಿಕ್ತು. ಅವು ಎರಡು ಸಲ ಮೇಡಂ ಕಣ್ಣಿಗೂ ಬಿದ್ದಿರಲಿಲ್ಲ. ನಿಮ್ಮ ರಿಪೋರ್ಟ್ ಕೊಡೋ ಮುಂಚೆ ನೀವೂ ಒಂದು ಪುಟ ಹೀಗೆ ನೋಡಿ.