ಬೇಸ್ ಗಿಟಾರ್: ತಂತಿಯ ನಿಯಮವೂ ಕೈಕೆಲಸವೂ



ರಸಮಂಜರಿ ಕಾರ್ಯಕ್ರಮಗಳಲ್ಲಿ ಡ್ರಮ್ಮಿನ ಪಕ್ಕದಲ್ಲಿ ನಿಂತು, ಉದ್ದ ದಂಡಿಯ ನಾಲ್ಕು ತಂತಿಯ ಗಿಟಾರನ್ನು ನುಡಿಸುವವರನ್ನು ನೀವು ಕಂಡಿರಬಹುದು. ಹಾಡುಗಾರನ ಕಡೆಗೆ ಇರುವ ನಮ್ಮ ಗಮನ ಅವರ ಕಡೆಗೆ ಹೋಗುವುದು ಅಪರೂಪ. ಆದರೆ ಆ ವಾದ್ಯ ಒಂದು ನಿಮಿಷ ನಿಂತಿತೆಂದರೆ ಹಾಡು ಟೊಳ್ಳಾದಂತೆ ಕೇಳಿಸುವುದು. ಅದೇ ಬೇಸ್ ಗಿಟಾರ್. ಈಗ ಹವ್ಯಾಸಕ್ಕಾಗಿ ಇದನ್ನು ಕಲಿಯಬಯಸುವ ಹುಡುಗ ಹುಡುಗಿಯರು ಇದ್ದಾರೆ. ಹೆತ್ತವರ ಪ್ರಶ್ನೆ ಎರಡು: ಎಂತಹದನ್ನು ಕೊಳ್ಳಬೇಕು? ಕೊಂಡ ಮೇಲೆ ಮಕ್ಕಳು ಅದನ್ನು ಬಿಚ್ಚಿ ಏನಾದರೂ ಮಾಡಹೊರಟರೆ ಬಿಡಬಹುದೇ? ಈ ಎರಡಕ್ಕೂ ಉತ್ತರ ಭೌತಶಾಸ್ತ್ರದ ಪಾಠದಲ್ಲಿಯೇ ಉಂಟು.

ಪ್ರಯೋಗಶಾಲೆಯ ಸೋನೋಮೀಟರನ್ನು ನೆನಪಿಸಿಕೊಳ್ಳಿರಿ. ತಂತಿಯ ಉದ್ದ ಹೆಚ್ಚಿದಷ್ಟೂ ಕಂಪನದ ಆವೃತ್ತಿ ಇಳಿಯುತ್ತದೆ. ಎಳೆತ ಹೆಚ್ಚಿದರೆ ಏರುತ್ತದೆ. ತಂತಿ ಭಾರವಾದರೆ ಮತ್ತೆ ಇಳಿಯುತ್ತದೆ. ಎಳೆತ ಮತ್ತು ಭಾರಗಳ ವಿಷಯದಲ್ಲಿ ವರ್ಗಮೂಲದ ಲೆಕ್ಕ. ಸಾಧಾರಣ ಗಿಟಾರಿನ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನದು ಅದರ ಅರ್ಧ, ಅಂದರೆ 41 ಸಲ. ಒಂದು ಸ್ಥಾಯಿ ಕೆಳಗೆ. ಇದನ್ನು ಸಾಧಿಸಲು ತಂತಿಯ ಉದ್ದವನ್ನು 648 ಮಿಲಿಮೀಟರಿನಿಂದ 864 ಮಿಲಿಮೀಟರಿಗೆ, ಎಂದರೆ 34 ಅಂಗುಲಕ್ಕೆ, ಹೆಚ್ಚಿಸಿದ್ದಾರೆ. ಆದರೆ ಉದ್ದವೊಂದೇ ಸಾಲದು. ತಂತಿ ಸಡಿಲವಾಗಿ ತೂಗಾಡದಂತೆ ಹೆಚ್ಚು ಎಳೆತವೂ ಬೇಕಾಗುವುದರಿಂದ, ಅದನ್ನು ಸರಿತೂಗಿಸಲು ತಂತಿಯನ್ನು ಸುಮಾರು ಐದು ಪಾಲು ಭಾರ ಮಾಡಬೇಕಾಯಿತು. ಉಕ್ಕಿನ ಎಳೆಯ ಸುತ್ತ ಮತ್ತೊಂದು ಎಳೆಯನ್ನು ಸುತ್ತುವುದು ಇದಕ್ಕಾಗಿಯೇ. ನಾಲ್ಕು ತಂತಿಗಳೂ ಸೇರಿ ದಂಡಿಯ ಮೇಲೆ 70 ಕಿಲೋಗ್ರಾಮಿಗೂ ಹೆಚ್ಚಿನ ಎಳೆತ ಬೀಳುತ್ತದೆ. ಒಬ್ಬ ದೊಡ್ಡ ಮನುಷ್ಯ ಹಗಲಿರುಳು ಆ ದಂಡಿಗೆ ಜೋತುಬಿದ್ದಂತೆ ಎಂದು ತಿಳಿಯಿರಿ.

ನಾಲ್ಕು ತಂತಿಗಳ ಆವೃತ್ತಿ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಒಂದು ತಂತಿ ಷಡ್ಜವಾದರೆ ಮುಂದಿನದು ಅದರ ಶುದ್ಧ ಮಧ್ಯಮ. ದಂಡಿಯ ಮೇಲೆ ವೀಣೆಗಿರುವಂತೆ ಮೆಟ್ಟಿಲುಗಳಿವೆ. ಇವಕ್ಕೆ ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಿ ಅವನ್ನು ಮೇಣದ ಮೇಲೆ ಕೂರಿಸಿದರೆ ಇಲ್ಲಿ ಮರದ ಗಾಡಿಯೊಳಗೆ ಹೊಡೆದಿರುತ್ತಾರೆ. ಅವುಗಳ ಸ್ಥಾನ ಕಂಡುಹಿಡಿಯುವ ಲೆಕ್ಕ ಸುಲಭ. 864ನ್ನು 17.817ರಿಂದ ಭಾಗಿಸಿರಿ. ಬಂದ 48.5 ಮಿಲಿಮೀಟರೇ ಮೊದಲನೆಯ ಮೆಟ್ಟಿಲಿನ ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ತಂತಿಯ ನಡುವಿಗೆ ಬಂದು ಮುಟ್ಟುತ್ತೀರಿ. ಮನೆಯಲ್ಲಿ ಮಾಡಿ ನೋಡಿರಿ.

ಈ ವಾದ್ಯದ ಚರಿತ್ರೆ ಚಿಕ್ಕದು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು 1930ರ ದಶಕದಲ್ಲಿಯೇ ಇಂತಹದೊಂದನ್ನು ಮಾಡಿದ್ದರೂ ಅದು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಯಾರಿಸಿದ ಗಿಟಾರೇ ಲೋಕಕ್ಕೆಲ್ಲ ಮಾದರಿಯಾಯಿತು. ಆಳೆತ್ತರದ ಡಬಲ್ ಬೇಸ್ ವಾದ್ಯಕ್ಕೆ ಮೆಟ್ಟಿಲುಗಳಿಲ್ಲ. ಇದಕ್ಕೆ ಇದ್ದವು, ಸ್ವರ ನಿಖರವಾಗಿ ಬರುತ್ತಿತ್ತು. ಆದುದರಿಂದಲೇ ಅದಕ್ಕೆ ಪ್ರಿಸಿಷನ್ ಎಂದು ಹೆಸರಿಟ್ಟರು. ಫೆಂಡರ್ ರೇಡಿಯೋ ರಿಪೇರಿಯವರು. ಸ್ವತಃ ಗಿಟಾರ್ ನುಡಿಸಲು ಬಾರದವರು!

ಈಗ ಕೊಳ್ಳುವ ವಿಷಯ. ಬಣ್ಣ, ಹೆಸರುಗಳಿಗಿಂತ ಮೊದಲು ಮಗುವಿನ ಕೈಯನ್ನು ನೋಡಿರಿ. 34 ಅಂಗುಲದ ವಾದ್ಯದಲ್ಲಿ ಮೊದಲನೆಯ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್. ತೋರುಬೆರಳಿನಿಂದ ಕಿರುಬೆರಳಿಗೆ ಅಷ್ಟು ಚಾಚುವುದು ಹನ್ನೆರಡು ಹದಿಮೂರರ ಮಕ್ಕಳಿಗೆ ಕಷ್ಟ. 30 ಅಂಗುಲದ ಗಿಡ್ಡ ಬೇಸ್‌ನಲ್ಲಿ ಅದೇ ದೂರ ಹನ್ನೊಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಗಿಡ್ಡದೆಂದರೆ ಮಕ್ಕಳಾಟಿಕೆ ಎಂದು ಮೂಗು ಮುರಿಯಬೇಡಿರಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಗಿಡ್ಡದೇ.

ಅಂಗಡಿಯಲ್ಲಾಗಲಿ ಇನ್ನೊಬ್ಬರು ಬಳಸಿದ್ದಾಗಲಿ, ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿರಿ. ತುಸು ಬಾಗಿದ್ದರೆ ಚಿಂತೆಯಿಲ್ಲ. ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಒತ್ತಿ ನುಡಿಸಿರಿ. ಬಿರಡೆ ತಿರುಗಿಸಿದಾಗ ಸ್ವರ ನಿಲ್ಲುತ್ತದೆಯೇ? ಭುಜಕ್ಕೆ ಹಾಕಿಕೊಂಡು ನಿಂತರೆ ದಂಡಿ ನೆಲದ ಕಡೆಗೆ ಜಾರುತ್ತದೆಯೇ? ಆಂಪ್ಲಿಫೈಯರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ; ಅದಿಲ್ಲದೆ ಈ ವಾದ್ಯ ಪಕ್ಕದ ಕೋಣೆಗೂ ಕೇಳಿಸದು.

ಅಗ್ಗದ ಬೇಸ್ ಗಿಟಾರಿನ ಮೇಲೆ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಮರದ ದೋಷವಲ್ಲ, ಹೊಂದಿಸದೆ ಇರುವುದರ ದೋಷ. ಒತ್ತಿದರೆ ಬೆರಳು ನೋಯುತ್ತದೆಯೇ? ಕುದುರೆಯ ತಿರುಪುಗಳನ್ನು ತಿರುಗಿಸಿ ತಂತಿಯನ್ನು ಇಳಿಸಬಹುದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಎರಡು, ಎರಡೂವರೆ ಮಿಲಿಮೀಟರ್ ಎತ್ತರ ಸಾಕು. ಗರಗರ ಸದ್ದು ಬರುತ್ತದೆಯೇ? ಒಂದು ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲಿನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಅಥವಾ ಬಹಳವಾಗಿದ್ದರೆ, ದಂಡಿಯೊಳಗೆ ಹುದುಗಿರುವ ಉಕ್ಕಿನ ಸರಳನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಮರ ತೇವವನ್ನು ಹೀರಿ ಅಲುಗುವುದರಿಂದ ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಈ ಕೆಲಸ ಬರಬಹುದು. ಮೇಲಿನ ಸ್ವರಗಳು ಅಪಸ್ವರವಾದರೆ ಕುದುರೆಯ ತುಂಡನ್ನು ಹಿಂದೆ ಮುಂದೆ ಸರಿಸುವುದು. ತಂತಿಯ ನಡುವನ್ನು ಒತ್ತದೆ, ಬೆರಳು ತಾಗಿಸಿ ಮೀಟಿದಾಗ ಬರುವ ಸ್ವರಕ್ಕಿಂತ ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರ ಹೆಚ್ಚಾಗಿದ್ದರೆ ಹಿಂದಕ್ಕೆ, ತಗ್ಗಿದ್ದರೆ ಮುಂದಕ್ಕೆ. ಇವೆಲ್ಲ ಒಂದೆರಡು ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀಗಳಿಂದ ಆಗುವ ಕೆಲಸಗಳು. ತಪ್ಪಿದರೆ ಮೊದಲಿನಂತೆಯೇ ಮಾಡಬಹುದು. ಹೆತ್ತವರು ಇದನ್ನು ಧೈರ್ಯವಾಗಿ ಮಕ್ಕಳಿಗೆ ಬಿಡಬಹುದು.

ನುಡಿಸುವುದರಲ್ಲಿ ಬಲಗೈಯ ಎರಡು ಬೆರಳುಗಳನ್ನು ಸರದಿಯಾಗಿ ಬಳಸುವುದು ವಾಡಿಕೆ. ಆದರೆ ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತೋರುಬೆರಳೊಂದನ್ನೇ ಬಳಸುತ್ತಿದ್ದರು. ಇವರು ಹೈಸ್ಕೂಲಿನಲ್ಲಿ ಡಬಲ್ ಬೇಸ್ ಕಲಿತವರು. ಅವರ ಪ್ರಿಸಿಷನ್ ಬೇಸ್‌ನ ತಂತಿಗಳು ಮೈ ನುಣುಪಾದ, ಚಪ್ಪಟೆ ಎಳೆ ಸುತ್ತಿದವು. ತುಂಡಾಗುವ ತನಕ ಅವನ್ನು ಬದಲಾಯಿಸುತ್ತಿರಲಿಲ್ಲ ಎಂದು ಪ್ರಸಿದ್ಧಿ. ಇಂದಿಗೂ ಹವ್ಯಾಸಿಗಳು ಆ ನಾದಕ್ಕಾಗಿ ಹಣ ಸುರಿದು ಪಿಕಪ್ ಬದಲಾಯಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಚಪ್ಪಟೆ ಸುತ್ತಿನ ತಂತಿ ಹಾಕಿ, ಕುದುರೆಯ ಬಳಿ ತಂತಿಯ ಕೆಳಗೆ ಒಂದು ತುಂಡು ಸ್ಪಂಜು ಇಟ್ಟು ನೋಡಬೇಕು. ಅರ್ಧ ದಾರಿ ಅಲ್ಲಿಗೇ ಮುಗಿಯುತ್ತದೆ.

ಮರಳಿ ಸರಿಪಡಿಸಲಾಗದ ಮಾರ್ಪಾಡು ಬೇರೆ ಜಾತಿಯದು. ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಸೇರಿದ ಬಿಲ್ ವೈಮನ್ 1961ರಲ್ಲಿ ಒಂದು ಅಗ್ಗದ ಬೇಸ್ ಕೊಂಡು, ಸವೆದ ಮೆಟ್ಟಿಲುಗಳನ್ನು ಕಿತ್ತು ಹೊಸದನ್ನು ಹಾಕಹೊರಟರು. ಕಿತ್ತ ಮೇಲೆ ನುಡಿಸಿ ನೋಡಿದರೆ ನಾದ ಇಷ್ಟವಾಯಿತು, ಹಾಗೆಯೇ ಬಿಟ್ಟರು. ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಮೆಟ್ಟಿಲು ತೆಗೆದು, ಗಾಡಿಗಳನ್ನು ತುಂಬಿ, ಉಕ್ಕಿನ ತಂತಿ ಮರವನ್ನು ಸವೆಸದಂತೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು. 1976ರ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಆ ಹಾಡುವಂತಹ ನಾದ ಕೇಳಬಹುದು. ನಿಖರತೆಗಾಗಿ ಮೆಟ್ಟಿಲು ಇಟ್ಟರಷ್ಟೆ. ಅದನ್ನು ಕಿತ್ತವನಿಗೆ ಪಿಟೀಲಿನವರಂತೆ ಕಿವಿಯೇ ಗತಿ. ವೈಮನ್ ಮಾಡಿದ್ದು ಅಗ್ಗದ ವಾದ್ಯದ ಮೇಲೆ, ಜಾಕೋ ಮಾಡಿದ್ದು ಕಿವಿ ಪಳಗಿದ ಮೇಲೆ. ಒಂದೇ ವಾದ್ಯವಿರುವ ವಿದ್ಯಾರ್ಥಿ ಮೆಟ್ಟಿಲು ಕೀಳಬಾರದು, ಮರ ಕೊರೆಯಬಾರದು. ಹಳೆಯ ಇನ್ನೊಂದು ಕೈಗೆ ಸಿಕ್ಕಿದರೆ ಅದು ಬೇರೆ ಮಾತು.

ಕೊನೆಯದಾಗಿ ವಿದ್ಯುತ್ತು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸುರುಳಿ. ಫ್ಯಾರಡೆ 1831ರಲ್ಲಿ ಕಂಡ ನಿಯಮವೇ ಇಲ್ಲಿ ದುಡಿಯುವುದು. ಅದರಲ್ಲಿ ಹುಟ್ಟುವ ವಿದ್ಯುತ್ತು ಅತ್ಯಲ್ಪ, ಗಿಟಾರಿನೊಳಗಿನ ಬೆಸುಗೆ ಕೆಲಸ ಮಕ್ಕಳೂ ಕಲಿಯಬಹುದು. ಅಪಾಯವಿರುವುದು ಆಂಪ್ಲಿಫೈಯರಿನಲ್ಲಿ. ಝೇಂಕಾರ ತಗ್ಗಲೆಂದು ಗಿಟಾರಿನ ಕುದುರೆಯನ್ನು ಒಂದು ತಂತಿಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ನಿನ ಮೂಲಕ ಭೂಮಿಗೆ ಸೇರಿಸಿರುತ್ತಾರೆ. ಮನೆಯ ಪ್ಲಗ್ ಪಾಯಿಂಟಿನಲ್ಲಿ ಅರ್ತ್ ಇಲ್ಲದಿದ್ದು, ಆಂಪ್ಲಿಫೈಯರಿನೊಳಗೆ ಏನಾದರೂ ಕೆಟ್ಟರೆ, ಮುಖ್ಯ ವಿದ್ಯುತ್ತು ನೇರವಾಗಿ ನುಡಿಸುವವರ ಬೆರಳಿಗೇ ಬರುತ್ತದೆ. 1972ರಲ್ಲಿ ವೇಲ್ಸ್ ನಾಡಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಆದುದರಿಂದ ವಾದ್ಯ ಮನೆಗೆ ಬರುವ ಮೊದಲೇ ವೈರ್‌ಮನ್ನನ್ನು ಕರೆಸಿ, ಆ ಕೋಣೆಯ ಅರ್ತ್ ಪರೀಕ್ಷೆ ಮಾಡಿಸಿರಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರನ್ನು ಬಳಸಬೇಡಿರಿ. ಆಂಪ್ಲಿಫೈಯರಿನ ಹಿಂಬದಿಯ ಮುಚ್ಚಳವನ್ನು ಪ್ಲಗ್ ತೆಗೆದ ಮೇಲೂ ಬಿಚ್ಚಕೂಡದು. ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಬಹಳ ಹೊತ್ತು ಉಳಿದಿರಬಹುದು. ಅದು ರಿಪೇರಿ ಬಲ್ಲವರ ಕೆಲಸ.