ಅರ್ಧ ಗಂಟೆ ನಮ್ಮದು

ಮಂಗಳೂರಿನಲ್ಲಿ ಒಂದು ಗುಡ್ಡ. ಗುಡ್ಡದ ಬದಿಯಲ್ಲಿ ಸಾಲು ಮನೆಗಳು. ಅಲ್ಲೇ ದೊಡ್ಡಕ್ಕನ ಮನೆ. ಅವರಿಗೆ ಬೇರೆ ಹೆಸರು ಉಂಟು. ಆದರೆ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ.

ದೊಡ್ಡಕ್ಕ ಬೀಡಿ ಕಟ್ಟುತ್ತಾರೆ. ಮೊರವನ್ನು ಮಡಿಲಲ್ಲಿ ಇಟ್ಟು ಕುಳಿತರೆ ಮತ್ತೆ ಏಳುವುದು ಊಟಕ್ಕೆ. ಬೆನ್ನು ಬಾಗಿರುತ್ತದೆ. ಮೊಣಕಾಲು ಮಡಚಿರುತ್ತದೆ. ಬೆರಳು ಮಾತ್ರ ಓಡುತ್ತಿರುತ್ತದೆ.

ಒಂದು ದಿನ ದೊಡ್ಡಕ್ಕನಿಗೆ ತಲೆ ತಿರುಗಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಎಂದರು. ದೊಡ್ಡಕ್ಕ ಹೆದರಿದರು. ಅವರ ಅಮ್ಮನಿಗೂ ಅದೇ ಕಾಯಿಲೆ ಇತ್ತು. ಕಾಲಿನ ಒಂದು ಗಾಯ ಮಾಗಲೇ ಇಲ್ಲ. ಕೊನೆಗೆ ಪಾದವನ್ನೇ ತೆಗೆಯಬೇಕಾಯಿತು.

ಡಾಕ್ಟರು ಹೇಳಿದರು: "ಮಾತ್ರೆ ತಪ್ಪಿಸಬೇಡಿ. ದಿನಾ ಅರ್ಧ ಗಂಟೆ ನಡೆಯಿರಿ."

"ದಿನ ಇಡೀ ಕೆಲಸವೇ ಅಲ್ವಾ ಡಾಕ್ಟ್ರೇ? ಮತ್ತೆ ನಡೆಯುವುದು ಎಂತಕ್ಕೆ?"

"ಕೆಲಸ ಹೌದು ಅಮ್ಮಾ. ಆದರೆ ನಿಮ್ಮದು ಕೂತು ಮಾಡುವ ಕೆಲಸ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಕೂತೇ ಇದ್ದರೆ ಅದು ರಕ್ತದಲ್ಲೇ ಹೆಚ್ಚಾಗಿ ಉಳಿಯುತ್ತದೆ."

ಸಂಜೆ ಕಲಿಕಾ ಕೇಂದ್ರದಲ್ಲಿ ಇದೇ ಮಾತು.

"ವಾಕಿಂಗ್ ಎಲ್ಲ ಶೂ ಹಾಕುವವರಿಗೆ ಮಾರಾಯ್ತಿ," ಎಂದರು ಒಬ್ಬರು.

"ಸುಮ್ಮನೆ ನಡೆದರೆ ಜನ ಎಂತ ಹೇಳಿಯಾರು?" ಎಂದರು ಇನ್ನೊಬ್ಬರು.

"ನಮ್ಮ ಗುಡ್ಡ ಹತ್ತಿ ಇಳಿದರೆ ಮೊಣಕಾಲು ನೋಯುತ್ತದೆ," ಎಂದರು ದೊಡ್ಡಕ್ಕ. "ಅರ್ಧ ಗಂಟೆ ಎದ್ದು ಹೋದರೆ ಬೀಡಿಯೂ ಕಡಿಮೆ ಆಗುತ್ತದೆ. ಬ್ರಾಂಚಿನಲ್ಲಿ ಲೆಕ್ಕ ಕೊಡಬೇಕಲ್ಲ?"

ಎಲ್ಲರೂ ಸುಮ್ಮನಾದರು. ಆ ಮಾತು ನಿಜವೇ ಆಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಕ್ಕನೇ ಹೇಳಿದರು: "ಅರ್ಧ ಗಂಟೆಯ ಬೀಡಿ ಹೋದರೆ ನಾಳೆ ಕಟ್ಟಬಹುದು. ಅಮ್ಮನ ಹಾಗೆ ಕಾಲು ಹೋದರೆ ಎಂತ ಮಾಡುವುದು?"

"ಹಾಗಾದರೆ ಸಮತಟ್ಟು ಜಾಗ ಹುಡುಕುವ. ಒಬ್ಬರೇ ಬೇಡ, ಒಟ್ಟಿಗೆ ಹೋಗುವ," ಎಂದರು ಟೀಚರು.

ಸಮತಟ್ಟು ಜಾಗ ಎಲ್ಲುಂಟು?

ಮಂಗಳೂರು ಏರು ತಗ್ಗುಗಳ ಊರು. ಕದ್ರಿಯ ಕಡೆ ಹೋದರೆ ಏರು. ಬಂದರಿನ ಕಡೆ ಬಂದರೆ ಇಳಿಜಾರು. ಆದರೆ ಊರಿನ ಪಡುವಣ ದಿಕ್ಕಿಗೆ ಅರಬ್ಬಿ ಸಮುದ್ರ ಉಂಟು. ಸಮುದ್ರದ ಬದಿ ಸಮತಟ್ಟು. ಊರಿನ ನಡುವೆ ನೆಹರೂ ಮೈದಾನ ಉಂಟು. ಅದೂ ಸಮತಟ್ಟು. ನಿಮ್ಮ ಹತ್ತಿರದ ಶಾಲೆಯ ಮೈದಾನವೂ ಆಗಬಹುದು.

ದೊಡ್ಡಕ್ಕನ ಗುಂಪಿನಲ್ಲಿ 5 ಮಂದಿ. ಅವರು ಹೀಗೆ ತೀರ್ಮಾನ ಮಾಡಿದರು: ವಾರದಲ್ಲಿ 4 ದಿನ ಶಾಲೆಯ ಮೈದಾನದಲ್ಲಿ ನಡೆಯುವುದು. ಭಾನುವಾರ ತಣ್ಣೀರುಬಾವಿಗೆ ಹೋಗುವುದು.

ಈ ಹೆಸರನ್ನು ಬಿಡಿಸಿ ಓದಿ: ತಣ್ಣೀರು, ಬಾವಿ. ತಣ್ಣೀರುಬಾವಿ.

ಭಾನುವಾರದ ನಡಿಗೆ

ಬಸ್ಸಿನ ಬೋರ್ಡನ್ನು ತಾವೇ ಓದಿ ಹತ್ತಿದರು. ಯಾರನ್ನೂ ಕೇಳಲಿಲ್ಲ.

ತಣ್ಣೀರುಬಾವಿ ಒಂದು ಉದ್ದನೆಯ ನೆಲದ ಪಟ್ಟಿ. ಒಂದು ಬದಿ ಸಮುದ್ರ. ಇನ್ನೊಂದು ಬದಿ ಫಲ್ಗುಣಿ ನದಿ. ಈ ನದಿಗೆ ಗುರುಪುರ ನದಿ ಎಂದೂ ಹೆಸರು. ನದಿಯ ಆಚೆ ದಡದಲ್ಲಿ ಸುಲ್ತಾನ್ ಬತ್ತೇರಿ. ಅದು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ. ಇನ್ನೂ ದಕ್ಷಿಣಕ್ಕೆ ಹೋದರೆ ಅಳಿವೆ. ಅಲ್ಲಿ ಫಲ್ಗುಣಿ ಮತ್ತು ನೇತ್ರಾವತಿ ನದಿಗಳು ಸಮುದ್ರ ಸೇರುತ್ತವೆ.

ಕಡಲ ಬದಿಯಲ್ಲಿ ಗಾಳಿಮರಗಳು. ಗಾಳಿ ಬೀಸಿದರೆ ಸುಯ್ ಎಂದು ಸದ್ದು. ದೂರದ ನೀರಿನಲ್ಲಿ ಹಡಗುಗಳು ನಿಂತಿದ್ದವು. ಅವು ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ಹಡಗುಗಳು. ಆ ಬಂದರು 1975ರಲ್ಲಿ ಉದ್ಘಾಟನೆ ಆಯಿತು.

"ಹುಟ್ಟಿದ್ದು ಕಡಲ ಊರಿನಲ್ಲಿ. ಕಡಲನ್ನು ಹೀಗೆ ಪುರುಸೊತ್ತಿನಲ್ಲಿ ನೋಡಿದ್ದು ಇವತ್ತೇ," ಎಂದರು ದೊಡ್ಡಕ್ಕ.

ಒಣ ಹೊಯಿಗೆಯಲ್ಲಿ ಕಾಲು ಹುಗಿಯಿತು. ನಡೆಯಲು ಕಷ್ಟವಾಯಿತು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಿರುತ್ತದೆ. ಆಗ ಒದ್ದೆ ಹೊಯಿಗೆ ಗಟ್ಟಿ ಇರುತ್ತದೆ. ಅಲ್ಲಿ ನಡೆಯಲು ಸುಲಭ.

ಅಲ್ಲೊಂದು ಹಲಗೆ ಇತ್ತು. ದೊಡ್ಡಕ್ಕ ಬೆರಳಿಟ್ಟು ಜೋರಾಗಿ ಓದಿದರು: "ಅಪಾಯ. ನೀರಿಗೆ ಇಳಿಯಬೇಡಿ." ಸಣ್ಣಕ್ಕನ ಮಗ ನೀರಿನ ಕಡೆ ಓಡುತ್ತಿದ್ದ. ಅಜ್ಜಿಯ ದನಿ ಕೇಳಿ ಅಲ್ಲೇ ನಿಂತ.

ಸಣ್ಣಕ್ಕ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವರು. ಶಾಲೆಯಲ್ಲಿ ಇದ್ದದ್ದು 3ನೇ ತರಗತಿಯವರೆಗೆ. ಆಗ ಓಟದಲ್ಲಿ ಅವರೇ ಮೊದಲು. ಮತ್ತೆ ಓಡಿದ್ದೇ ಇಲ್ಲ. ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಒಂದು ಗಾಳಿಮರದಿಂದ ಇನ್ನೊಂದು ಗಾಳಿಮರದವರೆಗೆ ಓಡಿದರು. ಏದುಸಿರು ಬಿಟ್ಟರು. ನಕ್ಕರು. ಉಳಿದವರೂ ನಕ್ಕರು. ಜನ ಎಂತ ಹೇಳಿಯಾರು ಎಂದು ಆಗ ಯಾರಿಗೂ ನೆನಪಾಗಲಿಲ್ಲ.

ತಿಳಿದಿರಲಿ

1. ಮೊದಲ ದಿನವೇ ಅರ್ಧ ಗಂಟೆ ಬೇಡ. 10 ನಿಮಿಷದಿಂದ ಸುರು ಮಾಡಿ. ನಿಧಾನವಾಗಿ ಹೆಚ್ಚಿಸಿ. 10 ನಿಮಿಷದ ಹಾಗೆ ದಿನಕ್ಕೆ 3 ಸಲ ನಡೆದರೂ ಆಗುತ್ತದೆ.

2. ಎಷ್ಟು ಬೇಗ ನಡೆಯಬೇಕು? ನಡೆಯುತ್ತಾ ಮಾತಾಡಲು ಆಗಬೇಕು. ಹಾಡಲು ಕಷ್ಟ ಆಗಬೇಕು. ಅದೇ ಸರಿಯಾದ ನಡಿಗೆ.

3. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ನಡೆಯಬಾರದು. ಹೊಯಿಗೆಯಲ್ಲಿಯೂ ನಡೆಯಬಾರದು. ಈ ಕಾಯಿಲೆಯಲ್ಲಿ ಪಾದ ಮರಗಟ್ಟುವುದುಂಟು. ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲ. ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿ. ಮನೆಗೆ ಬಂದು ಪಾದ ತೊಳೆಯಿರಿ, ಒರಸಿ, ಅಡಿ ನೋಡಿ. ಗಾಯ ಇದ್ದರೆ ಆಸ್ಪತ್ರೆಗೆ ಹೋಗಿ.

4. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ನಡೆಯಬಾರದು. ಬೆಲ್ಲದ ಒಂದು ತುಂಡು ಜೊತೆಗಿರಲಿ. ಮೈ ನಡುಗಿ ಬೆವರಿದರೆ ಕುಳಿತುಕೊಳ್ಳಿ. ಬೆಲ್ಲ ತಿನ್ನಿ.

5. ನಡೆಯುವಾಗ ಎದೆ ನೋವು ಬಂದರೆ ಕೂಡಲೇ ನಿಲ್ಲಿ. 108ಕ್ಕೆ ಫೋನ್ ಮಾಡಿ. ಯಾರಾದರೂ ತೊಂದರೆ ಕೊಟ್ಟರೆ 112ಕ್ಕೆ ಫೋನ್ ಮಾಡಿ.

6. ಕಡಲ ತೀರ ಒಂದು ಬದಿಗೆ ಇಳಿಜಾರು ಇರುತ್ತದೆ. ಒಂದೇ ಕಡೆ ತುಂಬಾ ದೂರ ನಡೆದರೆ ಒಂದು ಕಾಲಿಗೆ ಭಾರ ಹೆಚ್ಚು. ಅರ್ಧ ದಾರಿ ಹೋಗಿ ಅದೇ ದಾರಿಯಲ್ಲಿ ಮರಳಿ ಬನ್ನಿ.

7. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಕಡಲು ಅಬ್ಬರಿಸುತ್ತದೆ. ಆಗ ತೀರಕ್ಕೆ ಹೋಗಬೇಡಿ. ಮಳೆ ಬಿಟ್ಟಾಗ ಮೈದಾನದಲ್ಲಿ ನಡೆಯಿರಿ. ಮಳೆ ಇದ್ದರೆ ಮನೆಯ ಜಗಲಿಯಲ್ಲೇ ನಡೆಯಿರಿ.

ದೊಡ್ಡಕ್ಕನ ಕ್ಯಾಲೆಂಡರ್

ದೊಡ್ಡಕ್ಕನ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಉಂಟು. ನಡೆದ ದಿನ ಅದರಲ್ಲಿ ನಿಮಿಷ ಬರೆಯುತ್ತಾರೆ. 10. 15. 20. 30. ಕೆಲವು ಮನೆಗಳು ಖಾಲಿ ಇವೆ. ಅವು ಮದುವೆ, ಜ್ವರ, ನೆಂಟರು ಬಂದ ದಿನಗಳು. ಖಾಲಿ ಬಿಟ್ಟ ಮರುದಿನ ಮತ್ತೆ ಬರೆದಿದ್ದಾರೆ.

ಮೊದಮೊದಲು ಗಂಡ ಗೊಣಗಿದರು. ಈಗ ದೊಡ್ಡಕ್ಕ ಹೊರಟರೆ ಅವರೇ ಅನ್ನಕ್ಕೆ ನೀರು ಇಡುತ್ತಾರೆ.

3 ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ. ಚೀಟಿಯನ್ನು ದೊಡ್ಡಕ್ಕ ಯಾರ ಕೈಗೂ ಕೊಡಲಿಲ್ಲ. ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಹತ್ತಿರ ಇಟ್ಟು ತಾವೇ ಓದಿದರು. ಅಂಕೆ ಇಳಿದಿತ್ತು.

"ಮಾತ್ರೆ ಬಿಡಬಹುದಾ ಡಾಕ್ಟ್ರೇ?"

"ಈಗ ಬಿಡಬಾರದು. ನಾನು ಹೇಳದೆ ಬಿಡಲೇಬಾರದು. ನಡಿಗೆಯನ್ನೂ ಬಿಡಬಾರದು."

"ನಡಿಗೆ ಬಿಡುವುದಿಲ್ಲ. ಆ ಅರ್ಧ ಗಂಟೆ ನನ್ನದು," ಎಂದರು ದೊಡ್ಡಕ್ಕ.

ಲೆಕ್ಕ ಮಾಡಿ

ದೊಡ್ಡವರು ವಾರಕ್ಕೆ ಕಡಿಮೆ ಎಂದರೂ 150 ನಿಮಿಷ ಚುರುಕು ನಡಿಗೆಯಂತಹ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷ ನಡೆದರೆ ವಾರದಲ್ಲಿ ಎಷ್ಟು ದಿನ ನಡೆಯಬೇಕು?

ಮಾತಾಡಿ

1. ನಿಮ್ಮ ಮನೆಯ ಹತ್ತಿರ ಸಮತಟ್ಟು ಜಾಗ ಎಲ್ಲುಂಟು?
2. ನಿಮ್ಮ ಜೊತೆ ಯಾರು ಯಾರು ಬರುತ್ತಾರೆ?
3. ನಿಮಗೆ ಪುರುಸೊತ್ತು ಆಗಬೇಕಾದರೆ ಮನೆಯಲ್ಲಿ ಯಾರು ಯಾವ ಕೆಲಸ ಮಾಡಬೇಕು?

ಬರೆಯಿರಿ

ನಾಳೆ ನಾನು ______ ಗಂಟೆಗೆ ನಡೆಯಲು ಹೋಗುತ್ತೇನೆ. ನನ್ನ ಜೊತೆ ______ ಬರುತ್ತಾರೆ.